ನಲವತ್ತೇಳನೇ ನಂಬರಿನ ಎಡಗೈ

ಬೆಳಗಿನ ಆರು ಗಂಟೆ. ಬಾರಕ್ಕ ಕಿಟಕಿಗೆ ಅಂಟಿದ ಮೇಜಿನ ಮುಂದೆ ಕೂತು, ಕನ್ನಡಕದ ಮೇಲೆ ಇನ್ನೊಂದು ಭೂತಗನ್ನಡಿ ಹಿಡಿದು, ಹಳೆಯ ಚರ್ಮದ ಬಾರೊಂದನ್ನು ಮೂಸುತ್ತಿದ್ದಾರೆ. ಹೌದು, ಮೂಸುತ್ತಿದ್ದಾರೆ! ಅರವತ್ತು ವರ್ಷದ ಹಿಂದೆ ಯಾವನೋ ಸೈನಿಕನ ಹೆಗಲಿಗೆ ನೀರಿನ ಬಾಟಲಿ ತೂಗುಹಾಕಿದ್ದ ಬಾರು ಅದು. “ಬಿಸಿಲೇರಿದ್ರೆ ಚರ್ಮದ ಬಣ್ಣ ಮೋಸ ಮಾಡುತ್ತೆ. ಈ ಹೊತ್ತಿನ ಬೆಳಕು ಸುಳ್ಳು ಹೇಳಲ್ಲ,” ಎನ್ನುತ್ತಾರೆ.

ಸೈನ್ಯದ ಹಳೆಯ ಬಾರುಗಳು ಯಾವ ಕಾರ್ಖಾನೆಯಲ್ಲಿ, ಯಾರ ಕೈಯಲ್ಲಿ ತಯಾರಾದವು ಎಂದು ಹೇಳುವುದೇ ಇವರ ಕೆಲಸ; ಅದಕ್ಕೇ ಎಲ್ಲರ ಬಾಯಲ್ಲೂ ಬಾರಕ್ಕ. ಮೂವತ್ತೊಂದು ವರ್ಷದಲ್ಲಿ ಆರು ಸಾವಿರಕ್ಕೂ ಹೆಚ್ಚು ಬಾರುಗಳು ಈ ಮೇಜು ದಾಟಿವೆ. ಕೋವಿಯ ಬಾರು, ಕುದುರೆಯ ಜೀನಿನ ಬಾರು, ಚೀಲದ ಬಾರು. ವಸ್ತುಸಂಗ್ರಹಾಲಯದವರು ಕಳಿಸುತ್ತಾರೆ, ಹಳೆಯ ಸಾಮಾನಿನ ಹುಚ್ಚಿನವರು ಕಳಿಸುತ್ತಾರೆ, ಸತ್ತ ಸೈನಿಕರ ಮಕ್ಕಳೂ ಕಳಿಸುತ್ತಾರೆ. ಗೋಡೆಯ ಮೇಲೆ ಒಂದು ಪ್ರಶಸ್ತಿಪತ್ರವೂ ಇಲ್ಲ. ಒಂದು ಗಡಿಯಾರವಿದೆ, ಅದೂ ನಿಂತಿದೆ.

ಇವರ ಅಪ್ಪ ಸೈನ್ಯಕ್ಕೆ ಚರ್ಮದ ಸಾಮಾನು ಹೊಲಿಯುವ ಕಾರ್ಖಾನೆಯಲ್ಲಿದ್ದರು. ಅಲ್ಲಿ ಪ್ರತಿಯೊಬ್ಬ ಹೊಲಿಗೆಯವನಿಗೂ ಒಂದು ನಂಬರು. ಹೊಲಿದ ಬಾರಿನ ಮೇಲೆ ಅದರ ಮುದ್ರೆ. ಅಪ್ಪನದು ನಲವತ್ತೇಳು. ಅಪ್ಪನ ಹೊಲಿಗೆ ನೋಡಿ ನೋಡಿಯೇ ಮಗಳು ಈ ವಿದ್ಯೆ ಕಲಿತದ್ದು.

ಇವತ್ತಿನ ಬಾರಿನ ಮೇಲೂ ನಲವತ್ತೇಳಿದೆ. ಕಳಿಸಿದವರು ಒಬ್ಬ ನಿವೃತ್ತ ಮೇಷ್ಟ್ರು. ಜೊತೆಗೊಂದು ಚೀಟಿ: “ಅಪ್ಪನ ನೆನಪಿಗೆ ಅಂತ ಮನೆಯಲ್ಲಿ ಉಳಿದದ್ದು ಇದೊಂದೇ. ಅಸಲಿಯೋ ಅಲ್ಲವೋ ತಿಳಿಸಿ.”

“ನಕಲಿ,” ಎಂದರು ಬಾರಕ್ಕ, ಒಂದೇ ಮಾತಿನಲ್ಲಿ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದಿದ್ದ ನಾನು ಬೆಚ್ಚಿಬಿದ್ದೆ. “ನೋಡಿ, ಹೊಲಿಗೆ ಎಡಕ್ಕೆ ವಾಲಿದೆ. ನಮ್ಮಪ್ಪ ಬಲಗೈಯವರು, ಅವರದ್ದು ಬಲಕ್ಕೇ ವಾಲೋದು. ನಂಬರ್ ಅಪ್ಪಂದು, ಕೈ ಅಪ್ಪಂದಲ್ಲ. ಯಾವನೋ ಕಳ್ಳ ಮುದ್ರೆ ಒತ್ತಿದಾನೆ. ಇಂಥದ್ದು ಇದು ಹನ್ನೆರಡನೇದು.”

ಅದೇ ಕೋಣೆಯ ಮಂಚದ ಮೇಲೆ ಅವರ ಅಮ್ಮ ಬಟಾಣಿ ಬಿಡಿಸುತ್ತಿದ್ದರು. ಎಂಬತ್ತನಾಲ್ಕು ವರ್ಷ. ಇಷ್ಟು ದಿನ ಮಗನ ಮನೆಯಲ್ಲಿದ್ದವರು ಹೋದ ತಿಂಗಳಷ್ಟೇ ಮಗಳ ಹತ್ತಿರ ಬಂದಿದ್ದಾರೆ. “ಎಲ್ಲಿ, ಕೊಡು ಇಲ್ಲಿ,” ಎಂದು ಬಾರು ಇಸಿದುಕೊಂಡು ಅಂಚಿನುದ್ದಕ್ಕೂ ಹೆಬ್ಬೆರಳು ಎಳೆದರು. ಆಮೇಲೆ, ಉಪ್ಪು ಸಾಲದು ಎನ್ನುವಷ್ಟು ಸಹಜವಾಗಿ, “ಇದು ನಾನು ಹೊಲಿದದ್ದು ಕಣೇ,” ಎಂದರು.

“ಸುಮ್ನಿರಮ್ಮ, ಬೆಳಗ್ಗೆ ಬೆಳಗ್ಗೆ ತಮಾಷೆ ಬೇಡ.”

“ಬಕಲ್ ಹತ್ರದ ಮಡಿಕೆ ಬಿಡಿಸಿ ನೋಡು. ಕೊನೇ ಹೊಲಿಗೆ ಮೂರು ಸಲ ಹಿಂದಕ್ಕೆ ಹೋಗಿರುತ್ತೆ. ಕಾರ್ಖಾನೇಲಿ ಎರಡೇ ಸಾಕು ಅಂತಿದ್ರು. ನಂಗೆ ಧೈರ್ಯ ಸಾಲ್ದೆ ಇನ್ನೊಂದು ಹಾಕ್ತಿದ್ದೆ.”

ಬಾರಕ್ಕ ಚಾಕುವಿನ ತುದಿಯಿಂದ ಮಡಿಕೆ ಎತ್ತಿದರು. ಭೂತಗನ್ನಡಿ ಹಿಡಿದು ಎಣಿಸಿದರು. ಒಂದು, ಎರಡು, ಮೂರು. ಆಗಷ್ಟೇ ಗಮನಿಸಿದೆ: ಅಜ್ಜಿ ಬಟಾಣಿ ಬಿಡಿಸುತ್ತಿದ್ದುದು ಎಡಗೈಯಲ್ಲಿ! ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಅದನ್ನು ಕಣ್ಣಾರೆ ಕಂಡೆ.

“ನಿಮ್ಮಪ್ಪನ ಹೆಬ್ಬೆರಳು ಕತ್ತರಿಸೋ ಯಂತ್ರಕ್ಕೆ ಸಿಕ್ಕಿತ್ತು,” ಎಂದರು ಅಜ್ಜಿ. “ಹೊಲಿಯಕ್ಕಾಗಲ್ಲ ಅಂತ ಗೊತ್ತಾದ್ರೆ ಕೆಲಸದಿಂದ ತೆಗೀತಿದ್ರು. ಯುದ್ಧದ ಗಡಿಬಿಡಿ ನೋಡು, ನೀರಿನ ಬಾಟ್ಲಿ ಬಾರಿನ ಕೆಲಸಾನ ಮನೆಗೇ ಕೊಟ್ಟು ಕಳಿಸೋರು. ಅವ್ರು ಪಕ್ಕದಲ್ಲಿ ಕೂತು ಹೇಳೋರು, ನಾನು ಹೊಲಿಯೋಳು. ಎಂಟು ತಿಂಗಳು, ಅವ್ರ ಬೆರಳು ವಾಸಿಯಾಗೋವರೆಗೆ. ನೀನು ನನ್ನ ಮಡಿಲಲ್ಲೇ ಬಿದ್ಕೊಂಡಿದ್ದೆ.”

“ಹೇಳ್ಬಾರ್ದಿತ್ತಾ ಅಮ್ಮಾ?”

“ಆಗ ಹೇಳೋ ಹಾಗಿರ್ಲಿಲ್ಲ. ಆಮೇಲೆ ಯಾರೂ ಕೇಳ್ಲಿಲ್ಲ.”

ಬಾರಕ್ಕ ರಿಜಿಸ್ಟರುಗಳನ್ನು ಕೆಳಗಿಳಿಸಿ ಪುಟ ತಿರುವುತ್ತಾರೆ. ನಲವತ್ತೇಳು, ನಕಲಿ. ನಲವತ್ತೇಳು, ನಕಲಿ. ಹನ್ನೊಂದು ಕಡೆ, ತಮ್ಮದೇ ದುಂಡು ಅಕ್ಷರದಲ್ಲಿ. ಹನ್ನೊಂದು ಮನೆಗಳಿಗೆ ‘ಇದು ನಿಮ್ಮವರದ್ದಲ್ಲ’ ಎಂದು ಬರೆದು ಕಳಿಸಿದವರು ಇವರೇ. ಒಂದು ಪುಟದ ಮೇಲೆ ಬೆರಳು ನಿಲ್ಲುತ್ತದೆ. “ಈಕೆ ನರ್ಸು. ಅಣ್ಣಂದು ಅಂತ ಕಳಿಸಿದ್ರು. ನಕಲಿ ಅಂದ್ಮೇಲೆ ಒಲೆಗೆ ಹಾಕ್ದೆ ಅಂತ ಫೋನ್ ಮಾಡಿದ್ರು. ಒಳ್ಳೇದಾಯ್ತು ಬಿಡಿ ಅಂದಿದ್ದೆ ನಾನು. ಒಳ್ಳೇದಾಯ್ತು ಅಂದಿದ್ದೆ!” ಅವರು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾರೆ. ನಾನು ಪೆನ್ನು ಮುಚ್ಚಿ ಕೂತಿದ್ದೇನೆ.

ಒಂಬತ್ತು ಗಂಟೆಯ ಹೊತ್ತಿಗೆ ಅವರು ಮುಖ ತೊಳೆದು ಬಂದು ಮೇಷ್ಟ್ರಿಗೆ ‘ಅಸಲಿ’ ಎಂದು ಬರೆದು ಸಹಿ ಹಾಕುತ್ತಾರೆ. ಆಮೇಲೆ ಹನ್ನೊಂದು ಕಾಗದ. ನರ್ಸಿಗೇ ಮೊದಲು. “ತಪ್ಪು ನನ್ನದು” ಎಂದು ಶುರುಮಾಡುತ್ತಾರೆ. ರಿಜಿಸ್ಟರಿನಲ್ಲಿ ‘ಹೊಲಿದವರು’ ಎನ್ನುವ ಕಡೆ ನಲವತ್ತೇಳರ ಪಕ್ಕ ‘ಅಮ್ಮ’ ಎಂದು ಸೇರಿಸುತ್ತಾರೆ.

ಏನಾದರೂ ಆಸೆ ಇದೆಯೇ ಅಜ್ಜಿ, ಎಂದು ಹೊರಡುವಾಗ ಕೇಳುತ್ತೇನೆ. ಅವರು ನನ್ನನ್ನು ಬಿಟ್ಟು ಮಗಳ ಕಡೆ ತಿರುಗುತ್ತಾರೆ.

“ಆ ಹನ್ನೊಂದರಲ್ಲಿ ಯಾವುದಾದ್ರೂ ಹೊಲಿಗೆ ಬಿಟ್ಟಿತ್ತೇನೇ?”

“ಇಲ್ಲಮ್ಮ. ಒಂದೂ ಬಿಟ್ಟಿರ್ಲಿಲ್ಲ.”

“ಸದ್ಯ,” ಎನ್ನುತ್ತಾರೆ ಅಜ್ಜಿ. “ಪಾಪ, ಆ ಹುಡುಗರ ನೀರಿನ ಬಾಟ್ಲಿ ದಾರೀಲಿ ಬಿದ್ದುಹೋಯ್ತೇನೋ ಅಂತ ಅರವತ್ತು ವರ್ಷದಿಂದ ಹೆದರ್ಕೊಂಡಿದ್ದೆ.”