ಪೊಟ್ಟಣದ ಹಿಂಬದಿ

ಅತ್ತೆಯ ಬಲಗಣ್ಣಿನ ಪಾಪೆಯ ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತ್ತು. ಯಾರೊಡನೆ ಮಾತಾಡುವಾಗಲೂ ಕತ್ತು ಓರೆ ಮಾಡಿ ಎಡಗಣ್ಣನ್ನು ಮುಂದೆ ತರುತ್ತಿದ್ದರು. ಹೊಸಬರಿಗೆ ಅದು ಜಂಬದಂತೆ ಕಾಣುತ್ತಿತ್ತು. ಎಡಗಣ್ಣೂ ಮಸುಕಾಗತೊಡಗಿದಾಗ ಅರಸೀಕೆರೆಯ ಕಣ್ಣಿನ ಡಾಕ್ಟರು, “ಸಕ್ಕರೆ ಕಾಯಿಲೆ ಹತೋಟಿಗೆ ಬರಲಿ, ತೂಕಾನೂ ಇಳೀಲಿ. ಆಮೇಲೆ ಆಪರೇಷನ್” ಎಂದು ವಾಪಸು ಕಳಿಸಿದರು.

ಅತ್ತೆ ಜಾವಗಲ್ ಕಡೆಯ ರೈತರ ಮನೆಯ ಹೆಣ್ಣುಮಗಳು, ಹಿಡಿದದ್ದನ್ನು ಬಿಡುವವರಲ್ಲ. ಅಂದೇ ಕಾಫಿಗೆ ಸಕ್ಕರೆ ನಿಲ್ಲಿಸಿದರು. ಬೇಲೂರಿನ ಅಂಗಡಿಗಳಿಗೆ ‘ಶುಗರ್ ಫ್ರೀ’ ಬಿಸ್ಕತ್ತು ಹೊಸದಾಗಿ ಬಂದಿದ್ದ ಕಾಲ ಅದು. ಪೊಟ್ಟಣದ ಮೇಲೆ ಒಂದು ಹಸಿರೆಲೆ, ಸೊಂಟಕ್ಕೆ ಟೇಪು ಸುತ್ತಿಕೊಂಡು ನಗುವ ತೆಳ್ಳನೆಯ ಹುಡುಗಿ. ಅತ್ತೆ ಅದನ್ನು ಔಷಧಿಯೆಂದೇ ನಂಬಿದರು. ಮುದ್ದೆ ಉಂಡು ಕೈ ತೊಳೆದ ಮೇಲೆ ಬಿಸ್ಕತ್ತು, ಮಲಗುವ ಮುಂಚೆ ಮತ್ತೆ.

“ಮಾತ್ರೆನ ಊಟ ಆದ್ಮೇಲೆ ತಾನೆ ತಗೊಳ್ಳೋದು?” ಎನ್ನುತ್ತಿದ್ದರು. ನಮಗೂ ಸರಿಯೆನಿಸಿತ್ತು.

ಮುಂದಿನ ಸಲ ಪರೀಕ್ಷೆ ಮಾಡಿಸಿದರೆ ಸಕ್ಕರೆ, ತೂಕ ಎರಡೂ ಏರಿದ್ದವು. ಆಪರೇಷನ್ ಮತ್ತೆ ಮುಂದಕ್ಕೆ ಹೋಯಿತು. ಮನೆಗೆ ಬಂದವರೇ ಅತ್ತೆ ಪೊಟ್ಟಣ ತಂದು ನನ್ನ ಮಡಿಲಿಗೆ ಹಾಕಿದರು.

“ಮುಂದ್ಗಡೆ ಇಷ್ಟು ದಪ್ಪಕ್ಷರ ಐತೆ, ಹಿಂದ್ಗಡೆ ಇರುವೆ ಹರಿದಂಗೆ ಏನೋ ಐತಲ್ಲ, ಏನದು? ಕಾನ್ವೆಂಟ್‌ನಲ್ಲಿ ಓದಿದೀಯ, ಓದು.”

ಓದಿದೆ. “ಸಕ್ಕರೆ ಹಾಕಿಲ್ಲ, ನಿಜ ಅತ್ತೆ. ಆದ್ರೆ ಮೈದಾ, ಎಣ್ಣೆ ಎಲ್ಲಾ ಇದೆ. ಕ್ಯಾಲರಿ ಮಾಮೂಲಿ ಬಿಸ್ಕತ್ತಿನಷ್ಟೇ.”

“ಕ್ಯಾಲರಿ ಅಂದ್ರೆ?”

“ತಿಂದದ್ರಿಂದ ಮೈಗೆ ಬರೋ ಶಕ್ತಿ. ಖರ್ಚಾಗ್ದೆ ಉಳಿದ್ರೆ ಕೊಬ್ಬಾಗುತ್ತೆ.”

ಅತ್ತೆ ನನ್ನ ಕೈಯಿಂದ ಪೊಟ್ಟಣ ಕಿತ್ತುಕೊಂಡರು. “ಹಂಗಾದ್ರೆ ಇಷ್ಟು ದಿನ ಊಟದ ಮೇಲೆ ಊಟ ಮಾಡ್ತಿದ್ದೆ ಅನ್ನು!”

ಬೇರೆ ಯಾರಾದರೂ ಇದನ್ನು ಅಲ್ಲಿಗೇ ಮುಚ್ಚಿಡುತ್ತಿದ್ದರು. ಅತ್ತೆ ಹಾಗಲ್ಲ. ಕೆಲವು ವಾರಗಳಲ್ಲೇ ನಾವಿಬ್ಬರೂ ಹೋಗುತ್ತಿದ್ದ ಮಹಿಳಾ ಸಮಾಜಕ್ಕೆ ಯಾವುದೋ ಕಂಪನಿಯ ಹುಡುಗಿ ಅಂಥದೇ ಬಿಸ್ಕತ್ತಿನ ಪೊಟ್ಟಣಗಳನ್ನು ತಟ್ಟೆಯಲ್ಲಿ ಹಿಡಿದು ಬಂದಳು. “ತಗೊಳ್ಳಿ ಅಜ್ಜಿ, ಶುಗರ್ ಇರೋರು ಎಷ್ಟು ಬೇಕಾದ್ರೂ ತಿನ್ಬೋದು” ಎಂದಳು.

ಅತ್ತೆ ಎದ್ದು ನಿಂತರು. “ನಿನ್ನ ಬಯ್ಯಲ್ಲ ಕಣವ್ವ, ನಿಂದು ಹೊಟ್ಟೆಪಾಡು. ಎಷ್ಟು ಬೇಕಾದ್ರೂ ತಿಂದೋಳು ನಾನೇ. ಕಣ್ಣಿನ ಆಪರೇಷನ್ ನಿಂತೋಯ್ತು.” ಆಮೇಲೆ ನನ್ನತ್ತ ತಿರುಗಿ, “ಏಳೇ, ಹಿಂದ್ಗಡೇದು ಗಟ್ಟಿಯಾಗಿ ಓದು. ಎಲ್ಲಾ ಕೇಳಿಸ್ಕೊಳ್ಳಲಿ” ಎಂದರು.

ನಾನು ಮೆಲುದನಿಯವಳು. ಮದುವೆಯಾದ ಮೇಲೆ ನನ್ನ ಇಂಗ್ಲಿಷು ಮಕ್ಕಳ ಹೋಂವರ್ಕಿನಾಚೆ ಹೋದದ್ದಿಲ್ಲ. ಅಂದು ಅಷ್ಟು ಹೆಂಗಸರ ಮುಂದೆ ಅದನ್ನು ಓದಿ, ಕನ್ನಡದಲ್ಲಿ ಬಿಡಿಸಿ ಹೇಳಿದೆ. ಪಕ್ಕದಲ್ಲಿ ನಿಂತ ಅತ್ತೆ, “ನನ್ನ ಸೊಸೆ” ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ನಾನು ಸೊಸೆಯಾಗಿ ಬಂದದ್ದು ಎಂದೋ. ಆ ಮನೆಯವಳಾದದ್ದು ಅಂದು ಎನಿಸುತ್ತದೆ.

ಬಿಸ್ಕತ್ತು ಬಿಟ್ಟರು, ಮುದ್ದೆ ಸಣ್ಣದಾಯಿತು, ಬೆಳಿಗ್ಗೆ ಯಗಚಿ ಸೇತುವೆಯ ತನಕ ನಡೆದರು. ಕೊನೆಗೂ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನ ನನ್ನ ಗಲ್ಲ ಹಿಡಿದು, ಕತ್ತು ಓರೆ ಮಾಡದೆ ನೇರವಾಗಿ ನೋಡಿದರು. “ನಿಂಗೆ ಮೂಗಿನ ಪಕ್ಕ ಮಚ್ಚೆ ಇದ್ದಿದ್ದೇ ಮರ್ತೋಗಿತ್ತು ಕಣೇ” ಎಂದರು.

ಅತ್ತೆ ತೀರಿಕೊಂಡ ವರ್ಷದವರೆಗೂ ಸೂಜಿಗೆ ದಾರ ತಾವೇ ಪೋಣಿಸುತ್ತಿದ್ದರು. ನನ್ನ ಸೀರೆಗಳ ಅಂಚಿಗೆ ಅವರು ಹೊಲಿದುಕೊಟ್ಟ ಫಾಲು ಇನ್ನೂ ಒಂದೆಡೆಯೂ ಹೊಲಿಗೆ ಬಿಟ್ಟಿಲ್ಲ.