ಕೆರೆಯಂಗಳದಲ್ಲಿ ಮೈದುನನ ಬೆಂಕಿ

ನನ್ನ ಮೈದುನನ ಎಡಹುಬ್ಬು ಪೂರ್ತಿ ಬೆಳೆದದ್ದನ್ನು ನಾನು ನೋಡಲೇ ಇಲ್ಲ. ಕೂದಲು ಚಿಗುರುವಷ್ಟರಲ್ಲಿ ಮತ್ತೆ ಸುಟ್ಟುಕೊಂಡು ಬರುತ್ತಿದ್ದ. ಶಿಡ್ಲಘಟ್ಟದ ಹೈಸ್ಕೂಲಿನಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಮೇಲೂರಿನ ನಮ್ಮ ಮನೆಯಲ್ಲಿ ನನಗೆ ದಿನಬೆಳಗಾದರೆ ತಲೆನೋವು.

ಕೇರಳದ ಕಡಲತೀರದಿಂದ ರಾಕೆಟ್ ಹಾರಿತೆಂದು ಪೇಪರಿನಲ್ಲಿ ಓದಿದ್ದೇ ತಡ, ಇವನ ಊಟ ನಿದ್ದೆ ಕೆಟ್ಟಿತು. ತಾನೂ ರಾಕೆಟ್ಟಿನ ಎಂಜಿನ್ ಮಾಡುತ್ತೇನೆಂದು ದಪ್ಪ ಕಬ್ಬಿಣದ ಕೊಳವೆಯೊಳಗೆ ಮೇಣ ಎರಕ ಹೊಯ್ದು, ನಡುವೆ ತೂತು ಬಿಟ್ಟು, ವೆಲ್ಡಿಂಗ್ ಅಂಗಡಿಯಿಂದ ತಂದ ಆಕ್ಸಿಜನ್ ಸಿಲಿಂಡರನ್ನು ಒಂದು ತುದಿಗೆ ಜೋಡಿಸಿದ. ಹಚ್ಚಿದರೆ ಇನ್ನೊಂದು ತುದಿಯಿಂದ ಬೆಂಕಿ ಒಂದೇ ಸಮ ನುಗ್ಗಬೇಕಿತ್ತಂತೆ. ಅದು ದಬದಬ ಬಡಿದುಕೊಂಡಿತು. ಹಿತ್ತಿಲಲ್ಲಿದ್ದ ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಹೊಗೆಯೆಲ್ಲ ಹುಳುಮನೆಗೆ ತುಂಬಿ, ಇನ್ನು ನಾಲ್ಕು ದಿನದಲ್ಲಿ ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳು ಸೊಪ್ಪು ಮುಟ್ಟದೆ ತಟ್ಟೆ ತಟ್ಟೆಯೇ ಸತ್ತವು.

"ಯಾಕಪ್ಪ ಹಿಂಗೆ ಬಡ್ಕೊಳ್ಳುತ್ತೆ ಅದು?" ಎಂದು ಸಿಟ್ಟಿನಲ್ಲಿ ಕೇಳಿದೆ. ಕೇಳಬಾರದಿತ್ತು. ಸತ್ತ ಹುಳು ಬಾಚುತ್ತಲೇ ಪಾಠ ಶುರುಮಾಡಿದ.

"ಒಳಗೆ ಬೆಂಕಿ ಜೋರಾದ್ರೆ ಸಿಲಿಂಡರಿಂದ ಬರೋ ಗಾಳೀನ ತಡೆಯುತ್ತೆ ಅತ್ತಿಗೆ. ಗಾಳಿ ಕಮ್ಮಿಯಾದ್ರೆ ಬೆಂಕಿ ಕುಗ್ಗುತ್ತೆ. ಕುಗ್ಗಿದ ತಕ್ಷಣ ಗಾಳಿ ಮತ್ತೆ ನುಗ್ಗುತ್ತೆ. ಹಿಂಗೇ ಒಂದನ್ನೊಂದು ಕೆಣಕ್ತಾ ಇರ್ತವೆ."

"ನೀನೂ ನಿಮ್ಮಣ್ಣನೂ ಇದ್ದಂಗೆ," ಎಂದೆ.

ಅವನು ನಗಲಿಲ್ಲ. "ಹೂಂ, ಹಂಗೇ," ಎಂದು ಗಂಭೀರವಾಗಿ ತಲೆಯಾಡಿಸಿದ.

ನಮ್ಮ ಯಜಮಾನರು ಕೊಳವೆಯನ್ನು ಬೀದಿಗೆ ಎಸೆಸಿದರು. ಇವನು ಅದನ್ನು ಒಣಗಿದ ಕೆರೆಯಂಗಳಕ್ಕೆ ಸಾಗಿಸಿದ. ಊಟ ಕೊಡಲು ಹೋದ ನನ್ನನ್ನು ಏರಿಯ ಹಿಂದೆ ನಿಲ್ಲಿಸಿ, "ತಲೆ ಎತ್ತಬೇಡಿ ಅತ್ತಿಗೆ," ಎಂದು ಗದರಿದ. ತಾನು ಮಾತ್ರ ಕೊಳವೆಯ ಹತ್ತಿರವೇ ನಿಂತ. ಸದ್ದನ್ನು ಪಕ್ಕದಿಂದ ಕೇಳಬೇಕಂತೆ. ಬಡಿತ ಏರುತ್ತಾ ಏರುತ್ತಾ ಹೋಗಿ ಕೊಳವೆ ಸಿಡಿಯಿತು. ಚೂರೊಂದು ನನ್ನ ಮುಂದಿದ್ದ ಏರಿಯ ಕಲ್ಲಿಗೆ ಬಂದು ಬಡಿಯಿತು. ನನ್ನನ್ನು ಅಷ್ಟು ದೂರ ಕಳಿಸುವ ಬುದ್ಧಿ ಇದ್ದವನಿಗೆ ತಾನೂ ಬರಬೇಕೆಂದು ಹೊಳೆಯಲಿಲ್ಲ. ಅವನ ಎರಡು ಕಿವಿಯೂ ಹೋದವು. ಆಮೇಲೆ ತರಗತಿಯಲ್ಲಿ ಹುಡುಗರು ತಮ್ಮ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆಯಬೇಕಾಯಿತು.

ಇಷ್ಟಾದರೂ ಬಿಟ್ಟನೇ? ಹೊಸ ಕೊಳವೆ ತಂದ. ಗಾಳಿ ಬರುವ ಬಾಯಿಗೆ ಸಣ್ಣ ತೂತುಗಳ ಹಿತ್ತಾಳೆ ಬಿಲ್ಲೆ ಕೂರಿಸಿ, ಹಿಂದಿನಿಂದ ಒತ್ತಡ ಹೆಚ್ಚಿಸಿದ. ಇನ್ನು ಒಳಗಿನ ಬೆಂಕಿ ಎಷ್ಟು ಕುಣಿದರೂ ಗಾಳಿ ಅಲುಗುವುದಿಲ್ಲ ಎಂದ.

"ಕೇಳಿಸ್ಕೊಳ್ಳೋಕೆ ಒಬ್ಬರು ಬೇಕು. ನೀವು ಬನ್ನಿ ಅತ್ತಿಗೆ."

ಬೈದುಕೊಂಡೇ ಹೋದೆ. ಈ ಸಲ ರಟ್ಟೆ ಹಿಡಿದು ಅವನನ್ನೂ ಏರಿಯ ಹಿಂದಕ್ಕೆ ಎಳೆದುಕೊಂಡೆ. ಉದ್ದನೆಯ ವೈರು ಎಳೆದು ಅಲ್ಲಿಂದಲೇ ಹಚ್ಚಿದ. ಬೆಂಕಿ ಹತ್ತಿದಾಗ ಅವನು ಕೆರೆಯ ಕಡೆ ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದ.

"ಬಡ್ಕೊಳ್ತಿದೆಯಾ?"

ಇಲ್ಲವೆಂದು ತಲೆಯಾಡಿಸಿದೆ. ಬಡಿತವಿರಲಿಲ್ಲ. ಹೊಸ ಬಟ್ಟೆಯನ್ನು ಉದ್ದಕ್ಕೆ ಹರಿದಂಥ ಸದ್ದು, ಮೇಣ ಮುಗಿಯುವ ತನಕ ಒಂದೇ ಸಮ.

"ಸರಿಯಾಗಿ ಕೇಳಿದ್ರಾ? ಇನ್ನೊಂದ್ಸಲ ಹಚ್ಚಣ," ಎಂದ.

ಅವನಿಗೆ ಕೇಳಿಸುವುದಿಲ್ಲವೆಂದು ಗೊತ್ತಿದ್ದೂ ಬಾಯಿಗೆ ಬಂದಂತೆ ಬೈದೆ.

ಅವನು ತೀರಿಕೊಂಡು ಬಹಳ ಕಾಲವಾಯಿತು. ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಅಷ್ಟೆಲ್ಲ ಕಳೆದುಕೊಂಡು ಬೆನ್ನುಹತ್ತಿದ ಸದ್ದನ್ನು ಕೊನೆಗೆ ನನ್ನ ಕಿವಿಯಲ್ಲಿ ಬಿಟ್ಟು ಹೋದ.