ಐವತ್ಮೂರು ಕೆಜಿಯೊಳಗಿನ ಅತಿಥಿ

ಗಂಗಾವತಿಯಲ್ಲಿ ಪುರುಷರ ಮತ್ತು ಮಹಿಳೆಯರ ಅಂತರರಾಷ್ಟ್ರೀಯ ಟೇಕ್ವಾಂಡೋ ಚಾಂಪಿಯನ್‌ಶಿಪ್ ನಡೆದ ವಾರ ನನ್ನ ದಿನಚರಿಯ ಪುಟಗಳು ಬೇಗ ತುಂಬಿದವು. ಬರೆದದ್ದರಲ್ಲಿ ಅರ್ಧ ಬರೀ ಅನುಮಾನ.

ಹನುಮನಹಳ್ಳಿ ಕಡೆಯ ಲಾಡ್ಜುಗಳೆಲ್ಲ ಯಾತ್ರಿಕರಿಂದ ಭರ್ತಿಯಾಗಿದ್ದವು. ಹೊರಗಿನಿಂದ ಬಂದ ಕೆಲವು ಹುಡುಗಿಯರನ್ನು ಊರಿನ ಆಟಗಾರರ ಮನೆಗಳಲ್ಲಿ ಇಳಿಸಿಕೊಳ್ಳಿ ಎಂದು ಸಂಘಟಕರು ಕೇಳಿಕೊಂಡರು. ನನ್ನ ತಂಗಿ ಐವತ್ಮೂರು ಕೆಜಿಯೊಳಗಿನ ವಿಭಾಗದಲ್ಲಿ ಆಡುವವಳಿದ್ದಳು. ಅವಳಿಗೆ ಅಷ್ಟು ದೊಡ್ಡ ಕೂಟ ಅದೇ ಮೊದಲು. ಅಪ್ಪ ಹಿಂದೆಮುಂದೆ ನೋಡದೆ ಒಪ್ಪಿದರು. ಶುಕ್ರವಾರ ಮಧ್ಯಾಹ್ನ ನೇಪಾಳದ ಹುಡುಗಿಯೊಬ್ಬಳು ನಮ್ಮ ಮನೆಗೆ ಬಂದಳು. ಸಂಜೆ ಯಾರಿಗೆ ಯಾರು ಎದುರಾಳಿ ಎಂಬುದು ಪ್ರಕಟವಾಯಿತು. ಮೊದಲ ಸುತ್ತಿನಲ್ಲಿ ತಂಗಿಯ ಎದುರಾಳಿ ಇವಳೇ.

"ಮೊದ್ಲ ಗೊತ್ತಿದ್ರ ಬ್ಯಾರೆದಾಕಿನ್ನ ಕಳಸ್ರಿ ಅಂತಿದ್ವಿ," ಎಂದು ಅವ್ವ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. "ಈಗ ಏನ್ ಮಾಡಾಕ ಬರತೈತಿ? ಉಂಡು ಮಲಗ್ಲಿ."

ಆದರೆ ಅತಿಥಿ ಉಣ್ಣಲಿಲ್ಲ. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ತಟ್ಟೆಯಲ್ಲೇ ಉಳಿದವು. ನಾಳೆ ತೂಕ ಮುಗಿದ ಮೇಲೆ ಎಂದು ಹಿಂದಿಯಲ್ಲಿ ಹೇಳಿ ಕೈಮುಗಿದಳು. ತಂಗಿಯೂ ಉಂಡಿರಲಿಲ್ಲ, ಅದು ನನಗೆ ಅನುಮಾನ ತರಲಿಲ್ಲ. ಅತಿಥಿ ಆ ಸೆಕೆಯಲ್ಲೂ ದಪ್ಪ ಜಾಕೆಟ್ ಹಾಕಿಕೊಂಡು ನಮ್ಮ ಓಣಿಯಲ್ಲಿ ಓಡಿದಳು. ಬಂದು ಕೂತು ಒಂದು ಬಾಟಲಿಯೊಳಗೆ ಮತ್ತೆ ಮತ್ತೆ ಉಗುಳಿದಳು.

"ಆ ಬಾಟ್ಲಿ ಯಾಕ?" ಎಂದು ತಂಗಿಯನ್ನು ಕೇಳಿದೆ.

"ಉಗುಳಿದ್ರ ತೂಕ ಇಳಿತೈತಿ, ಅಕ್ಕಾ."

"ಖರೇನ ಉಗುಳ ಹೌದಲ್ಲ ಮತ್ತ?"

"ನೀನ ಹೋಗಿ ನೋಡಿ ಬಾ, ಪೊಲೀಸವ್ವ."

ನಮ್ಮದು ಅಕ್ಕಿ ಅಂಗಡಿ, ಮನೆಯ ಮುಂದಿನ ಭಾಗದಲ್ಲೇ ಇದೆ. ಅಲ್ಲಿ ಮೂಟೆ ತೂಗುವ ಹಳೆಯ ಕಬ್ಬಿಣದ ಕಾಟಾ ಇದೆ. ದಿನಾ ಬೆಳಗ್ಗೆ ತಂಗಿ ಅದರ ಮೇಲೆ ನಿಲ್ಲುತ್ತಿದ್ದಳು, ನಾನು ತೂಕವನ್ನು ತಾರೀಖಿನ ಮುಂದೆ ಬರೆದುಕೊಳ್ಳುತ್ತಿದ್ದೆ. ಆ ರಾತ್ರಿ ಅತಿಥಿಯೂ ಒಮ್ಮೆ ನಿಲ್ಲಲೇ ಎಂದು ಕೇಳಿದಳು. ಇಬ್ಬರೂ ನಿಂತರು, ಇಬ್ಬರದೂ ಐವತ್ಮೂರರ ಒಳಗೇ ಬಂತು. ನಾನು ಒಳಗೆ ಹೋಗಿ ಬರುವಷ್ಟರಲ್ಲಿ ಅವಳು ಕಾಟಾದ ಕಡ್ಡಿಯಲ್ಲಿ ನೇತಾಡುವ ಕಬ್ಬಿಣದ ನಟ್ಟನ್ನು ಬೆರಳಿನಿಂದ ತಿರುಗಿಸುತ್ತಿದ್ದಳು. ನನ್ನನ್ನು ಕಂಡು ಕೈ ತೆಗೆದಳು.

"ಅಪ್ಪಾ, ಆಕಿ ಕಾಟಾಕ್ಕ ಕೈ ಹಚ್ಯಾಳ."

"ಹಚ್ಚಿದ್ರ ಸವೀತೈತೇನವಾ? ಮನಿಗೆ ಬಂದವ್ರ ಮ್ಯಾಲ ಹಂಗ ಕಣ್ಣಿಡಬಾರ್ದು."

ಶನಿವಾರ ಬೆಳಗ್ಗೆ ಅಧಿಕೃತ ತೂಕ. ತಂಗಿ ಯಂತ್ರದ ಮೇಲೆ ನಿಂತಳು. ಮಿತಿಗಿಂತ ತುಸು ಹೆಚ್ಚು.

"ಜಾಸ್ತಿ ಐತಿ ನೋಡವಾ," ಎಂದರು ತೂಕ ನೋಡುವ ಅಧಿಕಾರಿಣಿ. "ಹೊತ್ತು ಮುಗಿಯೂದ್ರಾಗ ಇನ್ನೊಂದ ಸಲ ನಿಂದ್ರಬಹುದು."

ತೂಕ ಇಳಿಯದಿದ್ದರೆ ತಂಗಿ ಆಡುವಂತೆಯೇ ಇಲ್ಲ. ನಮ್ಮ ಕಾಟಾ ಕೆಡಿಸಿದವಳು ಈ ನೇಪಾಳದ ಹುಡುಗಿಯೇ ಎಂದು ಕೂಗಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅತಿಥಿ ಯಂತ್ರ ಹತ್ತಿದಳು. ಅವಳದು ತಂಗಿಗಿಂತಲೂ ಹೆಚ್ಚಿತ್ತು. ಅವಳು ಅಂಕಿಯನ್ನು ನೋಡಿದಳು, ಆಮೇಲೆ ನಮ್ಮಿಬ್ಬರನ್ನು ನೋಡಿದಳು.

ಹೊರಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಆ ನಟ್ ಯಾತಕ್ಕೆ ಎಂದು ಕೇಳಿದೆ.

"ಅಯ್ಯ ನಮ್ಮವ್ವಾ, ಅದು ಚೀಲದ ನಟ್ಟ!"

ಮೂಟೆ ತೂಗುವಾಗ ಪ್ರತಿಸಲ ಗೋಣಿಚೀಲದ ತೂಕ ಕಳೆಯುವುದು ಬೇಡವೆಂದು ಅಷ್ಟಕ್ಕೇ ಸರಿದೂಗುವ ನಟ್ಟನ್ನು ಅಪ್ಪ ಕಡ್ಡಿಗೆ ಕಟ್ಟಿಬಿಟ್ಟಿದ್ದರು. ಮೂಟೆಗೆ ಅದು ಸರಿ. ಮನುಷ್ಯರು ನಿಂತರೆ ಮೈಮೇಲಿಲ್ಲದ ಚೀಲದ ತೂಕವೂ ಕಳೆದುಹೋಗಿ ಕಾಟಾ ಕಡಿಮೆ ತೋರಿಸುತ್ತದೆ. ನಾನು ಬುದ್ಧಿ ಬಂದಾಗಿನಿಂದ ಆ ನಟ್ಟನ್ನು ಕಾಟಾದ ಒಂದು ಭಾಗವೆಂದೇ ತಿಳಿದಿದ್ದೆ.

ನೇಪಾಳದ ತರಬೇತುದಾರರಿಗೆ ನನಗೆ ಬರುವ ಹಿಂದಿಯಲ್ಲಿ ಎಲ್ಲವನ್ನೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ನಿಮ್ಮ ಮನೆಯ ಕಾಟಾ ನಿಮಗೇ ಗೊತ್ತಿರಲಿಲ್ಲವೇ?"

"ನನ್ನ ತಂಗಿಯದೂ ಹೆಚ್ಚಾಗಿದೆ, ನೋಡಿ."

"ಹೌದು," ಎಂದರು ಅವರು. "ಅವಳದು ಓಡಿ ಇಳಿಸಿಕೊಳ್ಳಲು ಆಗುವಷ್ಟೇ ಹೆಚ್ಚಾಗಿದೆ."

ಇಬ್ಬರೂ ಜಾಕೆಟ್ ಹಾಕಿಕೊಂಡು ಮೈದಾನದ ಸುತ್ತ ಓಡಿದರು. ಎರಡನೇ ಸಲ ತಂಗಿ ಮಿತಿಯೊಳಗೆ ಬಂದಳು. ಅತಿಥಿಯ ತೂಕ ಇನ್ನೂ ಸ್ವಲ್ಪ ಇಳಿಯಬೇಕಿತ್ತು, ಅಷ್ಟರಲ್ಲಿ ಹೊತ್ತು ಮುಗಿಯಿತು. ಮಧ್ಯಾಹ್ನ ತರಬೇತುದಾರರು ನಮ್ಮ ಮನೆಗೆ ಬಂದು ಅವಳ ಬ್ಯಾಗು ಒಯ್ದರು. ಅಪ್ಪ ನಟ್ಟನ್ನು ಬಿಚ್ಚಿ ಅಂಗೈಯಲ್ಲಿ ಹಿಡಿದು ತೋರಿಸಿದರು. ತರಬೇತುದಾರರು ಅದನ್ನು ಮುಟ್ಟಲಿಲ್ಲ.

ಭಾನುವಾರ ತಂಗಿ ಎದೆಕವಚ, ಶಿರಸ್ತ್ರಾಣ ಕಟ್ಟಿಕೊಂಡು ಒಬ್ಬಳೇ ಅಂಕಣದಲ್ಲಿ ನಿಂತಳು. ಎದುರಾಳಿ ಇಲ್ಲವೆಂದು ರೆಫರಿ ಇವಳನ್ನು ವಿಜೇತಳೆಂದು ಸಾರಿದರು. ನನ್ನ ಹಿಂದಿನ ಸಾಲಿನಲ್ಲಿ ಪುರುಷರ ವಿಭಾಗದ ಇಬ್ಬರು ಕುಷ್ಟಗಿಯ ಹುಡುಗರು ಕೂತಿದ್ದರು. ಕಾಟಾದ ಸುದ್ದಿ ಅವರವರೆಗೂ ಹೋಗಿತ್ತು.

"ಮನಿಗೆ ಕರದು, ಸುಳ್ಳ ಕಾಟಾ ಹತ್ತಿಸಿ, ಕಾಲ ಎತ್ತದ ಗೆದ್ದಾರ ನೋಡಲೇ."

"ಛಲೋ ಆತ ಬಿಡು. ನಾನೂ ನಮ್ಮ ಎದುರಾಳಿನ್ನ ಊಟಕ್ಕ ಕರೀತೀನಿ."

ತಂಗಿ ಬಂದು ಪಕ್ಕದಲ್ಲಿ ಕೂತಳು. ಅವಳಿಗೂ ಅದು ಕೇಳಿಸಿತ್ತು.

"ಆಕಿ ನಟ್ ಮುಟ್ಟಿದ್ದಕ್ಕ ನೀ ಆಕಿನ್ನ ಕಳ್ಳಿ ಅಂದ್ಕೊಂಡಿ," ಎಂದಳು. "ಈಗ ಆಕಿ ನಮ್ಮನ್ನ ಹಂಗ ಅಂದ್ಕೊಂಡ್ರ ತಪ್ಪೇನೈತಿ, ಅಕ್ಕಾ?"

ತಂಗಿ ಎದ್ದು ಎದುರಿನ ಗ್ಯಾಲರಿಗೆ ನಡೆದಳು. ಅತಿಥಿ ಅಲ್ಲಿ ಒಬ್ಬಳೇ ಕೂತಿದ್ದಳು, ಪಕ್ಕದ ಕುರ್ಚಿಯ ಮೇಲೆ ಅವಳ ಬ್ಯಾಗಿತ್ತು. ತಂಗಿ ಏನೋ ಹೇಳಿದಳು. ಅವಳು ತಲೆ ಎತ್ತಿ ಕೇಳಿಸಿಕೊಂಡಳು, ಬ್ಯಾಗನ್ನು ಮಾತ್ರ ತೆಗೆಯಲಿಲ್ಲ. ಮುಂದಿನ ಸುತ್ತಿಗೆ ಹೆಸರು ಕರೆಯುವವರೆಗೂ ತಂಗಿ ಆ ಕುರ್ಚಿಯ ಪಕ್ಕದಲ್ಲಿ ನಿಂತೇ ಇದ್ದಳು.